ದೊಡ್ಡಿಗೆ ಸೇರಿದ ಹೆಬ್ಬಾತು

ಅರಣ್ಯ ಇಲಾಖೆಗೆ ಗಾರ್ಡ್ ಆಗಿ ಆಯ್ಕೆಯಾದ ಇಬ್ಬರು ಈಚೆಗೆ ರಾಮನಗರದ ನಮ್ಮ ಮನೆ ಹುಡುಕಿಕೊಂಡು ಬಂದು, "ಸಾರ್, ಕೆಲಸ ನಿಜವಾಗಿ ಹೆಂಗಿರುತ್ತೆ?" ಎಂದು ಕೇಳಿದರು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಕಾಫಿ ತಂದ ನನ್ನ ಹೆಂಡತಿ ಸರ್ವಮಂಗಳ, "ಇವರನ್ನ ಕೇಳ್ಬೇಡ್ರಪ್ಪ. ಫ್ಯಾನ್ ತಿರುಗಿದ್ರೆ ತಲೆ ಮೇಲೆ ಬೀಳುತ್ತೆ ಅಂತ ಭಯ, ನಿಂತ್ರೆ ಕರೆಂಟ್ ಯಾಕೆ ಹೋಯ್ತು ಅಂತ ಭಯ. ಇವರ ಮಾತು ಕೇಳಿದ್ರೆ ನೀವು ನಾಳೆನೇ ರಾಜೀನಾಮೆ ಕೊಡ್ತೀರಿ," ಎಂದಳು. ಅವಳು ಹೇಳಿದ್ದರಲ್ಲಿ ಸುಳ್ಳಿಲ್ಲ. ಬಿ.ಪಿ. ಮಾತ್ರೆ ಒಂದು ಹೋಗಿ ಎರಡಾದಾಗ, ಇನ್ನೂ ಸೇವೆ ಬಾಕಿ ಇರುವಾಗಲೇ ಸ್ವಯಂ ನಿವೃತ್ತಿ ತೆಗೆದುಕೊಂಡವನು ನಾನು. ಅವತ್ತು ಅವರಿಗೆ ಚಿತ್ರಾನ್ನ ತಿನ್ನಿಸಿ ಕಳಿಸಿದೆ, ಉತ್ತರ ಕೊಡಲಿಲ್ಲ. ಆ ಉತ್ತರವನ್ನು ಈಗ ಬರೆಯುತ್ತಿದ್ದೇನೆ. ಓದಿ ರಾಜೀನಾಮೆ ಕೊಟ್ಟರೆ ನಾನು ಹೊಣೆಯಲ್ಲ.

ನಾನು ಉಪ ವಲಯ ಅರಣ್ಯಾಧಿಕಾರಿಯಾಗಿದ್ದೆ. ಜನರ ಬಾಯಲ್ಲಿ ಫಾರೆಸ್ಟರ್. ರಾಮನಗರ, ಮಾಗಡಿ, ಕನಕಪುರ, ಚನ್ನಪಟ್ಟಣ, ಈ ನಾಲ್ಕು ತಾಲ್ಲೂಕಿನೊಳಗೇ ಗಾಣದೆತ್ತಿನ ಹಾಗೆ ಸುತ್ತಿದೆ. ಬಡ್ತಿ ಸಿಕ್ಕಿದ್ದೂ ಉಂಟು, ಕೈತಪ್ಪಿದ್ದೂ ಉಂಟು. ಅದನ್ನು ಬರೆದರೆ ನಿಮಗೆ ನಿದ್ದೆ ಬರುತ್ತದೆ. ಮಾಗಡಿ ಕಡೆ ಬೇಸಿಗೆಯಲ್ಲಿ ಕಾಡಿಗೆ ಬೆಂಕಿ, ರಾಮನಗರದಲ್ಲಿ ಬಂಡೆ ಹತ್ತಿ ಇಳಿಯಲಾಗದೆ ಕೂತ ಕಾಲೇಜು ಹುಡುಗರು, ಕನಕಪುರ ಚನ್ನಪಟ್ಟಣದ ನಡುವೆ ಆನೆ. ವರ್ಷವಿಡೀ ಆನೆ. ಹಕ್ಕಿಯ ವಿಚಾರ ಯಾರ ತಲೆಯಲ್ಲೂ ಇರಲಿಲ್ಲ. ಕೆರೆಯ ನೀರು ಒಂದು ಇಲಾಖೆಯದು, ಮೀನು ಇನ್ನೊಂದರದು, ಏರಿ ಮೇಲಿನ ರಸ್ತೆ ಪಂಚಾಯಿತಿಯದು, ಕೆರೆಯಂಗಳದ ಮಣ್ಣು ಕಂದಾಯದವರದು. ಅದರ ಮೇಲೆ ಕೂತ ಹಕ್ಕಿ ಮಾತ್ರ ನಮ್ಮದು. "ಸತ್ತರೆ ರಿಪೋರ್ಟ್ ಹಾಕು, ಬದುಕಿದ್ರೆ ಬಿಟ್ಹಾಕು," ಎಂದು ನನ್ನ ಮೊದಲ ರೇಂಜರು ಸಾಹೇಬರು ಪಾಠ ಹೇಳಿದ್ದರು. ಇಲಾಖೆಯಲ್ಲಿ ನನಗೆ ಅರ್ಥವಾದ ಮೊದಲ ಆದೇಶ ಅದು.

ಹಕ್ಕಿಯ ವಿಷಯದಲ್ಲಿ ನನ್ನ ಮೊದಲ ಸಾಧನೆಯನ್ನೂ ಹೇಳಿಬಿಡುತ್ತೇನೆ. ಬಿಡದಿ ಕಡೆಯ ಒಂದು ಕೆರೆಗೆ ಹಂಸ ಬಂದಿದೆ ಎಂದು ಫೋನು ಬಂತು. ಎದ್ದುಬಿದ್ದು ಜೀಪಿನಲ್ಲಿ ಹೋದೆ. ಬೆಳ್ಳಗಿದೆ, ಕತ್ತು ಉದ್ದವಿದೆ, ಗಂಭೀರವಾಗಿ ತೇಲುತ್ತಿದೆ. ಅಪರೂಪದ ಹಂಸ ಪತ್ತೆಯಾಗಿದೆ ಎಂದು ಮೇಲಿನವರಿಗೆ ಹೇಳಿ, ಒಬ್ಬ ವರದಿಗಾರನಿಗೂ ಹೇಳಿ, ಯೂನಿಫಾರಂ ಸರಿಮಾಡಿಕೊಂಡು ಫೋಟೋಗೆ ನಿಂತೆ. ಮಧ್ಯಾಹ್ನದ ಹೊತ್ತಿಗೆ ಪಕ್ಕದ ರೆಸಾರ್ಟಿನ ಅಡುಗೆಯವನು ಬಂದು "ಬಾ ಬಾ ಬಾ" ಎಂದು ಕರೆದ. ಹಂಸ ಈಜಿಕೊಂಡು ಹೋಗಿ ಅವನ ಕೈಯಿಂದ ಅನ್ನ ತಿಂದಿತು. ಸಾಕು ಬಾತುಕೋಳಿ. ನಮ್ಮ ಗಾರ್ಡ್ ಮಾದೇವ ಅಂದಿನಿಂದ ನನ್ನ ಬೆನ್ನ ಹಿಂದೆ ನನ್ನನ್ನು ಹಂಸರಾಜ ಎನ್ನುತ್ತಿದ್ದ. ಎದುರಿಗೆ ಹೇಳಿದ್ದರೂ ನಾನೇನು ಮಾಡುವ ಹಾಗಿರಲಿಲ್ಲ.

ಆ ಅವಮಾನಕ್ಕೇ ನಾನು ಪುಸ್ತಕ ಹಿಡಿದದ್ದು. ಕಾಡು ಹಂಸಗಳು ಚಳಿದೇಶದ ಸರೋವರಗಳವು, ನಮ್ಮ ಸೀಮೆಯ ಕೆರೆಗಳಿಗೆ ಬರುವುದಿಲ್ಲ ಎಂದು ಗೊತ್ತಾಯಿತು. ನಮ್ಮಲ್ಲಿಗೆ ಬರುವುದು ಅದರ ನಂಟ, ಪಟ್ಟೆತಲೆ ಹೆಬ್ಬಾತು. ಬೂದು ಮೈ, ಬಿಳಿ ತಲೆ, ತಲೆಯ ಹಿಂಬದಿಯಲ್ಲಿ ಇದ್ದಿಲಿನಿಂದ ಎಳೆದ ಹಾಗೆ ಎರಡು ಕಪ್ಪು ಪಟ್ಟೆ. ಚಳಿಗಾಲ ಶುರುವಾದಾಗ ಹಿಮಾಲಯವನ್ನೇ ದಾಟಿ ಬಂದು, ಬೇಸಿಗೆಯ ಬಿಸಿ ಏರುವ ಮೊದಲು ಹಿಂದಿರುಗುತ್ತವೆ. ಹಳೆಯ ಗುಡಿಗಳ ಕಂಬದಲ್ಲಿ ಕೆತ್ತಿದ ಹಂಸ ಈ ಹೆಬ್ಬಾತೇ ಇರಬಹುದೆಂದು ತಿಳಿದವರು ಹೇಳುತ್ತಾರೆ. ಒಮ್ಮೆ ಜೊತೆಯಾದರೆ ಜೋಡಿ ಬಿಡುವುದಿಲ್ಲವೆಂದೂ ಓದಿದೆ. ಓದಿದ್ದೆಲ್ಲವನ್ನೂ ನಾನು ನಂಬುವವನಲ್ಲ, ಇದನ್ನು ನಂಬಿದೆ.

ಅವು ಬರುತ್ತಿದ್ದ ಕೆರೆಗಳಲ್ಲಿ ಒಂದು ಚನ್ನಪಟ್ಟಣದಿಂದ ಕನಕಪುರದ ಕಡೆ ಹೋಗುವಾಗ ಒಳದಾರಿಗೆ ತಿರುಗಿದರೆ ಸಿಗುತ್ತದೆ. ಹೆಸರು ಬರೆಯುವುದಿಲ್ಲ. ಬರೆದರೆ ಮುಂದಿನ ಭಾನುವಾರ ಡ್ರೋನ್ ಹಿಡಿದವರು ಬರುತ್ತಾರೆ ಎಂದು ನನಗೆ ಭಯ. ಕೆರೆಯ ಒಂದು ಮಗ್ಗುಲಿಗೆ ಏರಿ, ಏರಿಯಾಚೆ ಊರು. ಹಿಂಬದಿಯಲ್ಲಿ ಜೊಂಡು, ಜೊಂಡಿನಾಚೆ ಕಾಡು. ಬದಿಯಲ್ಲಿ ಬೋರಣ್ಣ ಎಂಬ ರೈತನ ಹಿಪ್ಪುನೇರಳೆ ತೋಟ ಮತ್ತು ರಾಗಿ ಹೊಲ. ರೇಷ್ಮೆಹುಳು ಸಾಕುವವರು ಸೊಪ್ಪಿಗೆ ವಿಷ ತಾಗಬಾರದೆಂದು ಔಷಧಿ ಹೊಡೆಯಲು ಹೆದರುತ್ತಾರೆ. ಹೊಡೆಯುವ ಪಕ್ಕದವರ ಜೊತೆ ಜಗಳವಾಡುತ್ತಾರೆ. ಹೆಬ್ಬಾತುಗಳು ಅಲ್ಲಿ ಉಳಿದದ್ದಕ್ಕೆ ಇದೂ ಒಂದು ಕಾರಣವೆಂದು ನನ್ನ ಲೆಕ್ಕ. ಅಂದರೆ ಆ ಕೆರೆಯನ್ನು ಕಾಪಾಡುತ್ತಿದ್ದದ್ದು ರೇಷ್ಮೆಹುಳು, ನಾನಲ್ಲ.

ಒಂದು ಜನವರಿಯಲ್ಲಿ ಮಾದೇವ ಫೋನು ಮಾಡಿ, "ಸಾ, ಬೋರಣ್ಣ ಹೆಬ್ಬಾತು ಹಿಡಿದು ಹುಳಮನೇಲಿ ಕೂಡಾಕ್ಕೊಂಡವ್ನೆ," ಎಂದ. ಜೀಪ್ ಹತ್ತಿದೆ. ವನ್ಯಜೀವಿಯನ್ನು ಕೂಡಿಹಾಕುವುದು ಜೈಲಿಗೆ ಹೋಗುವಂಥ ಅಪರಾಧ. ಬೋರಣ್ಣನನ್ನು ಬಂಧಿಸಬೇಕು, ಊರು ತಿರುಗಿಬೀಳುತ್ತದೆ, ಜೀಪಿಗೆ ಕಲ್ಲು ಬೀಳುತ್ತದೆ, ಕಲ್ಲು ಬಿದ್ದ ಜೀಪಿಗೆ ನಾನೇ ವಿವರಣೆ ಬರೆಯಬೇಕು. ಅಲ್ಲಿಗೆ ತಲುಪುವಷ್ಟರಲ್ಲಿ ಮನಸ್ಸಿನಲ್ಲಿ ವಿವರಣೆಯನ್ನೂ ಬರೆದು ಮುಗಿಸಿದ್ದೆ.

ಬೋರಣ್ಣ ಹುಳು ಸಾಕುವ ಮನೆಯ ಬಾಗಿಲಲ್ಲಿ ಬೀಡಿ ಸೇದುತ್ತಾ ಕೂತಿದ್ದ. ಒಂದು ಬೆಳೆಯ ರೇಷ್ಮೆಗೂಡು ಮಾರಿ ಆಗಿತ್ತು, ಮುಂದಿನ ಬೆಳೆಗೆ ಇನ್ನೂ ಹುಳು ತಂದಿರಲಿಲ್ಲ; ಮನೆ ಖಾಲಿ. ಒಳಗೆ ಮೂಲೆಯಲ್ಲಿ ಹೆಬ್ಬಾತು. ಒಂದು ರೆಕ್ಕೆ ಇಳಿಬಿದ್ದಿತ್ತು. ಕೊರಳಿಗೆ ಹಸಿರು ಬಣ್ಣದ ಪ್ಲಾಸ್ಟಿಕ್ ಪಟ್ಟಿ, ಅದರ ಮೇಲೆ ಬಿಳಿ ಅಕ್ಷರ.

"ಏನ್ ಬೋರಣ್ಣ ಇದು?"

"ದೊಡ್ಡಿಗೆ ಹೊಡ್ದಿವ್ನಿ ಸಾ."

ಹೊಸಬರಿಗೆ ತಿಳಿಯಲೆಂದು ಹೇಳುತ್ತೇನೆ. ಪರರ ಬೆಳೆ ಮೇಯ್ದ ದನವನ್ನು ಹಿಡಿದು ದೊಡ್ಡಿಯಲ್ಲಿ ಕೂಡುವುದು ನಮ್ಮ ಕಡೆಯ ಹಳೆಯ ಪದ್ಧತಿ. ಮಾಲೀಕ ಬಂದು ದಂಡ ತೆತ್ತು ಬಿಡಿಸಿಕೊಂಡು ಹೋಗಬೇಕು.

"ಬೋರಣ್ಣ, ಇದು ದನ ಅಲ್ಲ. ಕಾಡುಹಕ್ಕಿ. ಇದಕ್ಕೆ ಮಾಲೀಕ ಇಲ್ಲ."

"ಯಾರಿಗ್ ಯೋಳ್ತೀರಾ ಸಾ? ಕೊರಳಲ್ ಪಟ್ಟಿ ಐತೆ, ಪಟ್ಟೀಲ್ ನಂಬರ್ ಐತೆ. ಸಾಕಿದ್ದು. ವರ್ಸ ವರ್ಸ ಬಂದು ನನ್ ರಾಗಿ ಮೇಯ್ತವೆ. ಮೀನ್ ಬಲೇಲಿ ಸಿಗಾಕಂಡು ಒದ್ದಾಡ್ತಿತ್ತು, ಬುಡಿಸ್ಕಂಡು ಬಂದಿವ್ನಿ. ಆ ಸೇವೆಗೆ ಏನೂ ಬ್ಯಾಡ. ರಾಗಿದ್ ಮಾತ್ರ ಕೊಡ್ಲಿ."

ಕಾನೂನು ಹೇಳಲು ಬಾಯಿ ತೆಗೆದೆ, ನನಗೇ ನಗು ಬಂತು. ನಗುವಾಗ ಅವನ ಹೆಂಡತಿ ಕೆಂಪಮ್ಮ ಒಂದು ತಟ್ಟೆ ತಂದು ಹಕ್ಕಿಯ ಮುಂದಿಟ್ಟಳು. ನೀರು ಬೆರೆಸಿದ ಹಾಲು. "ಹಂಸ ಆದ್ರೆ ಹಾಲ್ ಕುಡ್ದು ನೀರ್ ಬುಡ್ತದೆ. ನೋಡುವ," ಎಂದಳು. ಹೆಬ್ಬಾತು ತಟ್ಟೆಯನ್ನು ಒಮ್ಮೆ ನೋಡಿತು, ಅದರೊಳಗೆ ಕಾಲಿಟ್ಟಿತು, ತಟ್ಟೆ ಮಗುಚಿತು.

"ಎರಡನ್ನೂ ಬುಡ್ತು ಕನೇ!" ಎಂದ ಬೋರಣ್ಣ.

ಚನ್ನಪಟ್ಟಣದ ಪಶುವೈದ್ಯರು ಬಂದು ಮುಟ್ಟಿ ನೋಡಿದರು. ಮೂಳೆ ಮುರಿದಿಲ್ಲ, ಕೀಲು ಉಳುಕಿದೆ, ಕೆಲವು ವಾರ ಸುಮ್ಮನಿದ್ದರೆ ಹಾರಬಹುದು ಎಂದರು. 'ಬಹುದು' ಎಂಬ ಮಾತನ್ನು ನಾನು ಮನೆಗೆ ಹೊತ್ತುಕೊಂಡು ಹೋದೆ. ನಿಯಮದ ಪ್ರಕಾರ ಅದನ್ನು ಬೆಂಗಳೂರಿನ ಪುನರ್ವಸತಿ ಕೇಂದ್ರಕ್ಕೆ ಕಳಿಸಬೇಕು. ಕಳಿಸಿದರೆ ಅದು ವಾಸಿಯಾಗುವಷ್ಟರಲ್ಲಿ ಇಲ್ಲಿ ಹಿಂಡು ಉತ್ತರಕ್ಕೆ ಹೊರಟಿರುತ್ತದೆ. ಆ ದಾರಿಯನ್ನು ಒಂಟಿ ಹಕ್ಕಿ ಹೇಗೆ ದಾಟೀತು? ಆಗಿನ ರೇಂಜರ್ ಮೇಡಂಗೆ ಎಲ್ಲ ಹೇಳಿ, ಕೆರೆಯ ದಡದಲ್ಲೇ ಬೇಲಿ ಕಟ್ಟಿ ಇಟ್ಟುಕೊಳ್ಳಲೇ ಎಂದು ಕೇಳಿದೆ. ಆಕೆ ನನಗಿಂತ ಎಷ್ಟೋ ಚಿಕ್ಕವರು, ಮಾತು ಕಡಿಮೆ. "ನೀವು ನನಗೆ ಹೇಳಿಲ್ಲ, ನಾನು ಕೇಳಿಲ್ಲ. ನಾಯಿ ನುಗ್ಗದ ಹಾಗೆ ಕಟ್ಟಿ," ಎಂದರು. ನನ್ನ ಸೇವೆಯಲ್ಲಿ ಸಿಕ್ಕ ಅತ್ಯಂತ ಸ್ಪಷ್ಟವಾದ ಅನುಮತಿ ಅದು.

ಬೋರಣ್ಣನ ಹೊಲದ ಅಂಚಿನಲ್ಲಿ, ಅರ್ಧ ನೀರಿಗೂ ಅರ್ಧ ನೆಲಕ್ಕೂ ಬರುವಂತೆ ಬೇಲಿ ಕಟ್ಟಿದೆವು. ಪಟ್ಟಿಯ ಫೋಟೋವನ್ನು ಹಕ್ಕಿ ನೋಡುವ ಹವ್ಯಾಸದ ಒಬ್ಬ ಮೇಷ್ಟರಿಗೆ ಕಳಿಸಿದ್ದೆ. ಅವರು ಎಲ್ಲೆಲ್ಲೋ ವಿಚಾರಿಸಿ ಉತ್ತರ ತರಿಸಿದರು. ಮಂಗೋಲಿಯಾ ದೇಶದ ಒಂದು ಸರೋವರದಲ್ಲಿ ವಿಜ್ಞಾನಿಗಳು ಹಿಡಿದು, ಪಟ್ಟಿ ಹಾಕಿ ಬಿಟ್ಟ ಹಕ್ಕಿಯಂತೆ. ಬೋರಣ್ಣನಿಗೆ ಹೇಳಿದೆ.

"ಅದೆಲ್ ಬತ್ತದೆ ಸಾ? ಹಾಸನದ್ ತಾವಾ?"

"ಹಿಮಾಲಯ ದಾಟಿ, ಟಿಬೆಟ್ ದಾಟಿ, ಅದರ ಆಚೆ."

ಬೋರಣ್ಣ ಬೇಲಿಯೊಳಗಿನ ಹಕ್ಕಿಯ ಕಡೆ ತಿರುಗಿದ. "ಅಲ್ಲಿಂದ ಇಲ್ಲೀಗಂಟ ಎಲ್ಲೂ ರಾಗಿ ಸಿಗ್ನಿಲ್ವಾ ಇದ್ಕೆ?" ಎಂದ. ಬೈಗುಳದ ಹಾಗೆ ಹೇಳಿದ. ಆದರೆ ಮಾರನೆಯ ದಿನ ಹೋದಾಗ ಮಂಕರಿ ತುಂಬ ಎಳೆ ಹುಲ್ಲು ಕೊಯ್ದು ಬೇಲಿಯೊಳಗೆ ಹರಡುತ್ತಿದ್ದ. ಮೀನು ಹಿಡಿಯುವವನಿಗೆ ಆ ಬದಿಯಲ್ಲಿ ಬಲೆ ಹಾಕಬೇಡ ಎಂದು ಗದರಿಸಿದ್ದನೆಂದು ಮಾದೇವನಿಂದ ತಿಳಿಯಿತು.

ಹಗಲಲ್ಲಿ ಹಿಂಡು ಕೆರೆಯ ಆಳವಿಲ್ಲದ ನೀರಿನಲ್ಲಿ ಕೂರುತ್ತಿತ್ತು. ಅದರಲ್ಲಿ ಒಂದು ಮಾತ್ರ ಹಿಂಡು ಬಿಟ್ಟು ಬಂದು ಬೇಲಿಯ ಹೊರಗೆ ನಿಲ್ಲುತ್ತಿತ್ತು. ಒಳಗಿನದು ನಡೆದರೆ ಹೊರಗಿನದೂ ನಡೆಯುವುದು. ಒಳಗಿನದು ಕೂತರೆ ಅದೂ ಕೂರುವುದು. "ಗಂಡನೋ ಹೆಂಡ್ತಿಯೋ ಇರಬೇಕು ಕನಿ ಸಾ," ಎಂದಳು ಕೆಂಪಮ್ಮ. "ಹೆಂಡ್ತಿಯೇಯಾ. ಗಂಡ ಆಗಿದ್ರೆ ಇಷ್ಟೊತ್ಗೆ ಮೇಯಕ್ ವೋಗಿರೋದು," ಎಂದು ತಾನೇ ತೀರ್ಮಾನವನ್ನೂ ಕೊಟ್ಟಳು.

ಫೆಬ್ರವರಿ ಹೊತ್ತಿಗೆ ಹಕ್ಕಿ ರೆಕ್ಕೆ ಬಿಚ್ಚಿ ಬಡಿಯತೊಡಗಿತು. ನೀರಿನ ಮೇಲೆ ಓಡಿ ಒಂದಡಿ ಏಳುವುದು, ಬೀಳುವುದು. ವೈದ್ಯರು ನೋಡಿ, ಇನ್ನೊಂದು ವಾರ ಹತ್ತು ದಿನ ಕೊಡಿ ಎಂದರು. ಹಿಂಡು ಹೊರಡಲು ಇನ್ನೂ ಎರಡು ಮೂರು ವಾರವಿತ್ತು. ಸರಿಹೋಗಬಹುದಾದ ಲೆಕ್ಕ. ಸರಿಹೋಗುವ ಲೆಕ್ಕ ಕಂಡರೂ ನನಗೆ ಭಯ.

ಆನೆಗಳು ಬಂದವು. ಮರಿ ಇದ್ದ ಒಂದು ಗುಂಪು ಕಾಡಿನಿಂದ ಇಳಿದು ಕೆರೆಯ ಹಿಂಬದಿಯ ಜೊಂಡಿನಲ್ಲಿ ಹಗಲೆಲ್ಲ ನಿಂತುಬಿಟ್ಟಿತು. ಕತ್ತಲಾದರೆ ಬಾಳೆ, ತೆಂಗು, ರಾಗಿ ಮೆದೆ. ನಾನು ಕೆಲಸಕ್ಕೆ ಸೇರಿದಾಗ ಆನೆ ಓಡಿಸುವುದೆಂದರೆ ತಮಟೆ, ಪಂಜು, ಕೂಗು. ಈಗ ವಾಟ್ಸಾಪ್ ಗುಂಪು ಇದೆ, ಡ್ರೋನ್ ಇದೆ. ಆದರೆ ಕೊನೆಗೆ ಆನೆಯನ್ನು ಅಲ್ಲಾಡಿಸುವುದು ಪಟಾಕಿಯೇ. ಪಟಾಕಿ ಹೊಡೆದರೆ ಹಿಂಡು ಏಳುತ್ತದೆ. ಹೊರಡುವ ಕಾಲ ಹತ್ತಿರವಾದ್ದರಿಂದ ಎದ್ದದ್ದು ಮತ್ತೆ ಇಳಿಯದೆ ಹೋಗಿಬಿಡಬಹುದು. ಬೇಲಿಯೊಳಗಿನದು ಇಲ್ಲೇ ಉಳಿಯುತ್ತದೆ. ಮೇಡಂ ಹತ್ತಿರ ಒಂದು ವಾರ ಕೇಳಿದೆ.

"ಒಂದು ವಾರ ನಾನು ಕೊಡ್ತೀನಿ. ಆನೆ ಕೊಡುತ್ತಾ?" ಎಂದರು.

ಆನೆ ಎರಡು ದಿನ ಕೊಟ್ಟಿತು. ಮೂರನೆಯ ಬೆಳಿಗ್ಗೆ ಸೊಪ್ಪು ಕೊಯ್ಯಲು ಹೋಗುತ್ತಿದ್ದ ಹೆಂಗಸೊಬ್ಬಳನ್ನು ತಳ್ಳಿ, ಅವಳ ಕಾಲು ಮುರಿಯಿತು. ಊರು ಏರಿಯ ಮೇಲೆ ಬಂದು ನಮ್ಮ ಜೀಪನ್ನು ಸುತ್ತುವರಿಯಿತು. ಆ ಹೆಂಗಸಿನ ಗಂಡ ತಮ್ಮಯ್ಯ ಜೀಪಿನ ಬಾಗಿಲು ಹಿಡಿದು ನಿಂತ. "ಇವತ್ತೇ ಓಡಿಸ್ಬೇಕು. ಇಲ್ದಿದ್ರೆ ನಿಮ್ಮನ್ನೂ ಬುಡಾಕಿಲ್ಲ," ಎಂದ. ಅಂಥ ಹೊತ್ತಿನಲ್ಲಿ ಬೋರಣ್ಣ ಬಾಯಿಬಿಟ್ಟ.

"ಒಸಿ ತಡೀರ್ಲಾ. ನಾಕ್ ದಿನ ಅಷ್ಟೇಯ. ಆ ಹಕ್ಕಿ..."

"ಹಕ್ಕಿಯಾ? ನನ್ ಎಂಡ್ತಿ ಆಸ್ಪತ್ರೇಲ್ ಬಿದ್ದವ್ಳೆ ಕಣ್ಲಾ! ನಿಂಗ್ ಬಾತ್ಕೋಳಿ ಚಿಂತೆಯೇನ್ಲಾ?"

ಬೋರಣ್ಣ ತಲೆ ತಗ್ಗಿಸಿದ. ತಮ್ಮಯ್ಯ ಹೇಳಿದ್ದು ಸರಿಯಾಗಿತ್ತು. ನಾನೂ ತಲೆ ತಗ್ಗಿಸಿದೆ. ಸಂಜೆ ಇಳಿಬಿಸಿಲಿಗೆ ಓಡಿಸುವುದೆಂದು ಮೇಡಂ ತೀರ್ಮಾನಿಸಿದರು.

ಮಧ್ಯಾಹ್ನವೇ ಬೋರಣ್ಣನೂ ನಾನೂ ಬೇಲಿ ಕಿತ್ತೆವು. ಏಳುವುದಾದರೆ ಏಳಲಿ ಎಂದು. ಹಕ್ಕಿ ಹೊರಗೆ ಬಂದು ನೀರಿಗಿಳಿಯಿತು, ಅದರ ಜೊತೆಯದು ಪಕ್ಕದಲ್ಲೇ ಈಜಿತು. ಬೋರಣ್ಣ ಮೆಲ್ಲಗೆ, "ಎದ್ಬುಡವ್ವ, ಎದ್ಬುಡು," ಎನ್ನುತ್ತಿದ್ದ. ನಾನೂ ಮನಸ್ಸಿನಲ್ಲಿ ಅದನ್ನೇ ಹೇಳಿದೆ. ಯೂನಿಫಾರಂನಲ್ಲಿದ್ದವನು ಗಟ್ಟಿಯಾಗಿ ಹೇಳುವ ಹಾಗಿರಲಿಲ್ಲ.

ಮಾದೇವನ ತಂಡ ಜೊಂಡಿನ ಬಳಿ, ನಾನು ಬೋರಣ್ಣನ ಹೊಲದ ಅಂಚಿನಲ್ಲಿ, ಮೇಡಂ ಏರಿಯ ಮೇಲೆ. ಏರಿಯಿಂದ ಇಳಿಯಿರಿ ಎಂದು ಎಷ್ಟು ಹೇಳಿದರೂ ಜನ ಇಳಿಯಲಿಲ್ಲ; ಎಲ್ಲರ ಕೈಯಲ್ಲೂ ಮೊಬೈಲು. ಮೊದಲ ಪಟಾಕಿ ಸರ ಸಿಡಿಯಿತು. ಇಡೀ ಹಿಂಡು ಒಂದೇ ಸಲ ಎದ್ದಿತು. ಆ ಕೂಗನ್ನು ಬರೆಯಲು ನನಗೆ ಬರುವುದಿಲ್ಲ. ನಮ್ಮ ಹಕ್ಕಿಯೂ ನೀರಿನ ಮೇಲೆ ಓಡಿತು, ಎದ್ದಿತು, ಆಳೆತ್ತರ ಹೋಯಿತು. ಬೋರಣ್ಣ ನನ್ನ ತೋಳು ಹಿಡಿದ. ರೆಕ್ಕೆ ಒಂದು ಕಡೆ ವಾಲಿ ಹಕ್ಕಿ ನೀರಿಗೆ ಬಿತ್ತು.

ಹಿಂಡು ಒಂದು ಸುತ್ತು ಹಾಕಿ, ಸಾಲು ಕಟ್ಟಿ ಉತ್ತರಕ್ಕೆ ತಿರುಗಿತು. ಸಾಲಿನಿಂದ ಒಂದು ಹಕ್ಕಿ ಬಿಡಿಸಿಕೊಂಡು ಹಿಂದಕ್ಕೆ ಬಂತು. ಕೆರೆಯ ಮೇಲೆ ತಿರುಗುತ್ತಾ ಕೂಗಿತು. ಕೆಳಗಿನದು ಉತ್ತರ ಕೊಟ್ಟಿತು. ಮೇಲಿನದು ಇಳಿಯಲೆಂದು ಕಾಲು ಚಾಚಿತು.

ಆ ಹೊತ್ತಿಗೆ ಸರಿಯಾಗಿ ಗುಂಪಿನ ಮುಂದಿದ್ದ ಹೆಣ್ಣಾನೆ ಕಾಡಿನ ಕಡೆ ಹೋಗುವುದನ್ನು ಬಿಟ್ಟು, ಮರಿಯನ್ನು ಕಾಲಡಿ ಇಟ್ಟುಕೊಂಡು, ದಡ ಹಿಡಿದು ಏರಿಯ ಕಡೆ ತಿರುಗಿತು. ಜನ ಇದ್ದ ಕಡೆ. ವಾಕಿಟಾಕಿಯಲ್ಲಿ ಮೇಡಂ ಕೂಗಿದರು: "ಫಾರೆಸ್ಟರ್, ಹಚ್ಚಿ! ಈಗಲೇ ಹಚ್ಚಿ!" ನನ್ನ ಒಂದು ಕೈಯಲ್ಲಿ ಸರ, ಇನ್ನೊಂದರಲ್ಲಿ ಹೊತ್ತಿಸಿದ ಊದುಬತ್ತಿ.

"ಇಳೀತಾ ಐತೆ ಸಾ," ಎಂದ ಬೋರಣ್ಣ. "ಒಂದ್ ಗಳಿಗೆ ಸಾ. ಒಂದೇ ಒಂದ್ ಗಳಿಗೆ."

ಹಚ್ಚಿದೆ.

ಆನೆ ತಿರುಗಿತು. ಗುಂಪು ಜೊಂಡು ದಾಟಿ ಕಾಡು ಸೇರಿತು. ಯಾರಿಗೂ ಏನೂ ಆಗಲಿಲ್ಲ. ಹೊಗೆ ಇಳಿದಾಗ ಆಕಾಶದಲ್ಲಿ ಏನೂ ಇರಲಿಲ್ಲ. ಮತ್ತೆ ಅದೇ ಜಾಗದಲ್ಲಿ ನಿಲ್ಲಿಸಿದರೆ ಮತ್ತೆ ಹಚ್ಚುತ್ತೇನೆ. ಇದರಲ್ಲಿ ನನಗೆ ಅನುಮಾನವಿಲ್ಲ. ಅನುಮಾನವಿಲ್ಲದಿದ್ದರೂ ನಿದ್ದೆ ಕೆಡುತ್ತದೆ ಎಂಬುದನ್ನು ತರಬೇತಿಯಲ್ಲಿ ಯಾರೂ ಹೇಳಿಕೊಡುವುದಿಲ್ಲ. ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ಹಕ್ಕಿ ಕೆರೆಯಲ್ಲೇ ಉಳಿಯಿತು. ಸಂಜೆ ಸಂಜೆ ಕೂಗುತ್ತಿತ್ತು. ಕೆಲವು ದಿನದ ಮೇಲೆ ಕೂಗುವುದನ್ನು ಬಿಟ್ಟಿತು. ಬಿಸಿಲೇರಿ ನೀರು ಹಿಂದೆ ಸರಿದು ನಾಯಿಗಳ ಕಾಟ ಹೆಚ್ಚಿದಾಗ ಬೆಂಗಳೂರಿನ ಕೇಂದ್ರಕ್ಕೆ ಕಳಿಸದೆ ಬೇರೆ ದಾರಿ ಇರಲಿಲ್ಲ. ಬೋರಣ್ಣನೇ ಅದನ್ನು ಟವೆಲಿನಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟ. "ಅಲ್ಲಿ ನೀರೈತಾ ಸಾ?" ಎಂದ. ಇದೆ ಎಂದೆ. ತೊಟ್ಟಿಯಷ್ಟು ನೀರು ಇದೆ ಎಂದು ಬಿಡಿಸಿ ಹೇಳಲಿಲ್ಲ. ಮೇ ತಿಂಗಳಲ್ಲಿ ಕೇಂದ್ರದಿಂದ ಫೋನು ಬಂತು. ಮೇವು ಬಿಟ್ಟಿತ್ತಂತೆ, ಸತ್ತಿತ್ತು. ನಾನು ಆ ಕಡೆ ಹೋದಾಗಲೆಲ್ಲ ಬೋರಣ್ಣನ ಹುಳು ಪೊರೆ ಕಳಚುವ ನಾಲ್ಕನೇ ಜ್ವರದಲ್ಲೋ, ಗೂಡು ಕಟ್ಟುವುದರಲ್ಲೋ ಇರುತ್ತಿತ್ತು. ಇಂಥ ಹೊತ್ತಿನಲ್ಲಿ ಯಾಕೆ ಹೇಳುವುದು ಎಂದು ಸುಮ್ಮನಾದೆ.

ಮುಂದಿನ ಚಳಿಗಾಲ ನನ್ನ ಸೇವೆಯ ಕೊನೆಯ ಚಳಿಗಾಲ. ಹಿಂಡು ಬಂತು, ಮೊದಲಿಗಿಂತ ಚಿಕ್ಕದು. ಬೋರಣ್ಣ ಫೋನು ಮಾಡಿ ಬರಹೇಳಿದ. ಹೊಲದ ಅಂಚಿಗೆ ಕರೆದುಕೊಂಡು ಹೋಗಿ ಕೈ ತೋರಿಸಿದ. ಬೇಲಿ ಇದ್ದ ಜಾಗದಲ್ಲಿ, ಹಿಂಡಿನಿಂದ ದೂರ, ಒಂದು ಹೆಬ್ಬಾತು ಒಂಟಿಯಾಗಿ ಕೂತಿತ್ತು.

"ಬಂದಾಗಿಂದ ಇಲ್ಲೇ ಕುಂತದೆ ಸಾ. ಮೇಯಕ್ಕೂ ಕಡೇಲಿ ವೋಯ್ತದೆ, ಎಲ್ಲಕ್ಕಿಂತ ಮುಂಚೆ ಬತ್ತದೆ."

ಕೊರಳಲ್ಲಿ ಪಟ್ಟಿ ಇಲ್ಲದ ಹೆಬ್ಬಾತುಗಳೆಲ್ಲ ಒಂದೇ ಥರ ಕಾಣುತ್ತವೆ, ಅದೇ ಇದು ಎಂದು ಹೇಳಲು ಬರುವುದಿಲ್ಲ ಎಂದೆ.

"ನಿಮ್ ಪುಸ್ತಕ್ದಾಗೆ ಬರಾಕಿಲ್ಲ, ಅಷ್ಟೇಯ. ನಾಳೆ ಜೀಪ್ ತಕ್ಕಂಡ್ ಬನ್ನಿ. ನಾನೂ ಬತ್ತೀನಿ. ಅದ್ನ ಕರ್ಕಂಡ್ ಬಂದು ಇಲ್ಲಿ ಬುಡುವ. ಹಾರ್ದೆ ಇದ್ರೂ ಚಳಿಗಾಲ್ದಾಗಾದ್ರೂ ಜೊತೇಲಿರ್ಲಿ."

ಆಗ ಹೇಳಿದೆ. ಬೇಸಿಗೆಯಲ್ಲೇ ಹೋಯಿತು ಬೋರಣ್ಣ ಎಂದೆ.

ಅವನು ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೆಗಲ ಮೇಲಿನ ಟವೆಲನ್ನು ಕೈಗೆ ತೆಗೆದುಕೊಂಡು, ನೀರಿನ ಅಂಚಿಗೆ ಹೋಗಿ ಬೀಸತೊಡಗಿದ. "ಓಗು! ಓಗ್ ಅತ್ಲಾಗೆ! ಯಾರಿಗ್ ಕಾದ್ಕಂಡ್ ಕುಂತಿದ್ದೀಯೆ? ಓಗು!" ಎಂದ. ಹಕ್ಕಿ ಎದ್ದು ನಾಲ್ಕು ಮಾರು ನಡೆಯಿತು. ಅವನು ಮಣ್ಣಿನ ಹೆಂಟೆ ತೆಗೆದು ಅದಕ್ಕೆ ತಾಗದ ಹಾಗೆ ಪಕ್ಕಕ್ಕೆ ಎಸೆದ. ಅದು ಹಾರಿ ಹಿಂಡಿನ ಹತ್ತಿರ ಹೋಗಿ ಇಳಿಯಿತು. ಬೋರಣ್ಣ ಟವೆಲಿನಲ್ಲಿ ಮುಖ ಒರೆಸಿಕೊಂಡು, "ಅಲ್ಲಿರ್ಲಿ. ಅಲ್ಲಾದ್ರೆ ಜನ ಅವ್ರೆ," ಎಂದು ತೋಟದ ಕಡೆ ಹೊರಟ.

ನಾನು ಜೀಪ್ ಹತ್ತುವಷ್ಟರಲ್ಲಿ ಅದು ಈಜಿಕೊಂಡು ಹಿಂದಕ್ಕೆ ಬಂದು, ಅದೇ ಜಾಗದಲ್ಲಿ ಕೂತಿತ್ತು. ಬೋರಣ್ಣನನ್ನು ಕೂಗಿ ತೋರಿಸಲಿಲ್ಲ.